ನಾಲ್ಕು ಬಾಯಿಯ ಕೊಳವೆ

ಭಾನುವಾರ ಬೆಳಿಗ್ಗೆ ಹಲ್ಲಕ್ಕ ಕೆಳದವಡೆಯ ಬಲಗಡೆಯ ಮೂರನೆಯ ಹಲ್ಲನ್ನು ಮೇಣದಲ್ಲಿ ನಿಲ್ಲಿಸುತ್ತಿದ್ದಾಗ ಹೊರಗೆ ಕಾರಿನ ಬಾನೆಟ್ಟು ಎತ್ತಿದ ಸದ್ದು ಕೇಳಿತು. ಬಾನೆಟ್ಟು ಎತ್ತುವ ಗಂಡಸರಲ್ಲಿ ಎರಡು ಬಗೆ. ಎಣ್ಣೆ ನೀರು ನೋಡಿ ತಾವೇ ಮುಚ್ಚುವವರು, ಮುಚ್ಚುವುದಕ್ಕೆ ಇನ್ನೊಬ್ಬರನ್ನು ಕರೆಸುವವರು. ಅವಳ ಗಂಡ ಎರಡನೆಯ ಬಗೆ.

ಹಲ್ಲಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಹಲ್ಲಿನ ಡಾಕ್ಟರುಗಳು ಕಳಿಸುವ ಬಾಯಚ್ಚುಗಳನ್ನು ನೋಡಿ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯೇ ಅವಳ ಕಾರ್ಖಾನೆ. ಕಿಟಕಿ ಕೆಳಗೆ ಒಂದು ಉದ್ದ ಮೇಜು, ಮೇಜಿನ ತುದಿಗೆ ಉಜ್ಜುವ ಮೋಟಾರು, ಅದರ ಪಕ್ಕ ಬೆರಳಲ್ಲಿ ಹಿಡಿದು ಕೊರೆಯುವ ಸಣ್ಣ ಯಂತ್ರ, ಬಟ್ಟೆಯ ಚಕ್ರಗಳು, ಒಸಡಿನ ಬಣ್ಣದ ಪುಡಿಯ ಡಬ್ಬಿ, ಗುಲಾಬಿ ಮೇಣದ ಹಾಳೆಗಳು. ಒಲೆಯ ಮೇಲೆ ಏನಾದರೂ ಕುದಿಯುತ್ತಿದ್ದರೆ ಅದರ ಮೇಲೆ ಒಂದು ಕಣ್ಣು, ಯಾರದೋ ದವಡೆಯ ಮೇಲೆ ಇನ್ನೊಂದು ಕಣ್ಣು. ಹದಿನಾರು ವರ್ಷದಿಂದ ಹೀಗೇ ನಡೆದಿತ್ತು.

ಗಂಡ ಅಳತೆ-ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಬೀದಿಗೂ ಅವನು ಇನ್‌ಸ್ಪೆಕ್ಟರೇ, ಹೆತ್ತ ತಾಯಿಗೂ ಇನ್‌ಸ್ಪೆಕ್ಟರೇ. ತಕ್ಕಡಿ ಒಂದು ಕೂದಲೆಳೆ ವಾಲಿದರೆ ಅಂಗಡಿಯವನ ಬೆವರಿಳಿಸಿ ತಕ್ಕಡಿಗೆ ಸೀಲು ಒತ್ತಿ ಬರುವ ಮನುಷ್ಯ. ಆದರೆ ಮನೆಯೊಳಗೆ ಕಾಲಿಟ್ಟರೆ ಅವನ ಕೈಗೆ ಅಳತೆಪಟ್ಟಿ ಅಂಟುತ್ತಿರಲಿಲ್ಲ. "ಕಣ್ಣಳತೆ ಸಾಕು ಕಣೇ" ಎನ್ನುತ್ತಿದ್ದ. ಆ ಕಣ್ಣಳತೆಗೆ ಸಾಕ್ಷಿಯಾಗಿ ಅಡುಗೆಮನೆಯಲ್ಲಿ ಅವನೇ ಹೊಡೆದ ಹಲಗೆಯೊಂದಿತ್ತು. ಅದರ ಎಡತುದಿಗೆ ಇಟ್ಟ ಡಬ್ಬಿ ಸಂಜೆಯ ಹೊತ್ತಿಗೆ ಬಲತುದಿಯಲ್ಲಿ ಸಿಗುತ್ತಿತ್ತು.

ಹಲ್ಲಕ್ಕ ಮೇಣದ ಚಾಕು ಕೆಳಗಿಟ್ಟು ಹೊರಗೆ ಬಂದಳು.

"ರೀ, ಏನು ಮಾಡ್ತಿದೀರಿ?"

"ಏನಿಲ್ಲ ಕಣೇ. ಸ್ವಲ್ಪ ಉಸಿರಾಟ ಸರಿ ಮಾಡ್ತೀನಿ."

"ಯಾರ ಉಸಿರಾಟ?"

"ಕಾರಿಂದು."

ಆಗಲೇ ಆರೇಳು ಬೋಲ್ಟುಗಳು ನೆಲದ ಮೇಲೆ ಚೆಲ್ಲಿದ್ದವು. ಯಾವುದು ಯಾವ ತೂತಿನದು ಎಂಬ ಗುರುತು ಇರಲಿಲ್ಲ. ಅವನು ಇಂಜಿನ್ನಿನ ಮೇಲಿಂದ ಕರಿಯ ಪ್ಲಾಸ್ಟಿಕ್ಕಿನ ಒಂದು ದೊಡ್ಡ ಕೊಳವೆಯನ್ನು ಎತ್ತಿ ಮಗುವಿನ ಹಾಗೆ ತೋಳಿನಲ್ಲಿ ಹಿಡಿದ. ಒಂದೇ ಗಂಟಲು, ಅದರಿಂದ ಹೊರಟ ನಾಲ್ಕು ಕವಲು.

"ಇದಕ್ಕೆ ಇಂಟೇಕ್ ಮ್ಯಾನಿಫೋಲ್ಡ್ ಅಂತಾರೆ. ಇಂಜಿನ್ನು ಗಾಳಿ ಎಳೆದುಕೊಳ್ಳೋದು ಇದರ ಮೂಲಕ. ಎರಡು ಹೋಳು ಮಾಡಿ ಬೆಸೆದಿರ್ತಾರೆ, ಒಳಗೆಲ್ಲ ಬೆಸುಗೆ ಗೆರೆ, ಒರಟು. ಗಾಳಿ ಎಡವಿ ಎಡವಿ ಹೋಗುತ್ತೆ. ಒಳಗೆ ನುಣುಪು ಮಾಡಿಬಿಟ್ರೆ ಹದಿನೈದು ಕುದುರೆ ಶಕ್ತಿ ಹೆಚ್ಚಾಗುತ್ತೆ. ಫೋನಲ್ಲಿ ಒಬ್ಬ ಮಾಡಿ ತೋರಿಸಿದಾನೆ, ಮನೆಯಲ್ಲೇ."

"ಗುರುವಾರ ಕಾರು ಬೇಕು ಅಂತ ಹತ್ತು ದಿನದಿಂದ ಹೇಳ್ತಿದೀನಿ."

"ಗುರುವಾರ ತಾನೇ? ಇವತ್ತು ಸಂಜೆಗೆ ಮುಗಿಯುತ್ತೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ, ಸೊಸೆಯೇ ಮಾಡಿಕೊಟ್ಟ ಹಲ್ಲುಗಳನ್ನು ಪೂರ್ತಿ ತೋರಿಸಿ ನಕ್ಕರು. "ಯಾವ ಸಂಜೆ ಅಂತ ಕೇಳೇ. ಹಲಗೆ ಹೊಡೆಯುವಾಗಲೂ ಸಂಜೆಗೆ ಮುಗಿಯುತ್ತೆ ಅಂದಿದ್ದ. ನನ್ನ ಮೊಣಕಾಲು ನೋವು ಶುರುವಾಗೋಕೆ ಮುಂಚಿನ ಮಾತು ಅದು."

ಗುರುವಾರದ ವಿಷಯ ನಗುವಂಥದ್ದಾಗಿರಲಿಲ್ಲ. ಹೊಳೆಯಾಚೆಯ ಊರಿನಲ್ಲಿ ಎಂಟು ಕುರ್ಚಿಯ ದೊಡ್ಡ ಹಲ್ಲಿನ ಆಸ್ಪತ್ರೆಯೊಂದು ತೆರೆದಿತ್ತು. ಅಲ್ಲಿನ ಡಾಕ್ಟರಮ್ಮ ಮೂವರು ಹಲ್ಲು ಕಟ್ಟುವವರಿಗೆ ಒಂದೊಂದು ಬಾಯಿ ಒಪ್ಪಿಸಿ, ಯಾರ ಹಲ್ಲು ಸರಿಯಾಗಿ ಕೂರುತ್ತದೋ ಅವರಿಗೇ ಆಸ್ಪತ್ರೆಯ ಕೆಲಸವೆಲ್ಲ ಎಂದಿದ್ದರು. ಹಲ್ಲಕ್ಕನ ಪಾಲಿಗೆ ಬಂದದ್ದು ಒಬ್ಬ ವಕೀಲರ ಬಾಯಿ. ಮೂರು ತಿಂಗಳ ಹಿಂದೆ ಎಲ್ಲ ಹಲ್ಲು ತೆಗೆಸಿಕೊಂಡು, ಅಂದಿನಿಂದ ಕೋರ್ಟಿನ ಕಡೆ ತಲೆ ಹಾಕದೆ ಕೂತಿದ್ದ ಮನುಷ್ಯ. ಗುರುವಾರ ಹತ್ತು ಗಂಟೆಗೆ ಹಲ್ಲುಗಳನ್ನು ಮೇಣದಲ್ಲಿ ನಿಲ್ಲಿಸಿಕೊಂಡು ಹೋಗಿ ಬಾಯಲ್ಲಿಟ್ಟು ನೋಡಬೇಕು. ಒಪ್ಪಿಗೆಯಾದರೆ ಮೇಣ ತೆಗೆದು ಗಟ್ಟಿ ಸೆಟ್ಟು ಮಾಡುವುದು. ಮೇಣದ ಮೇಲಿನ ಹಲ್ಲು ಅಂದರೆ ನೀರ ಮೇಲಿನ ಬರಹ. ಸ್ವಲ್ಪ ಬಿಸಿಯಾದರೆ ಸಾಕು, ಸಾಲು ಕದಲುತ್ತದೆ. ಎರಡು ಬಸ್ಸು ಬದಲಾಯಿಸಿ, ನಿಂತು, ಜನರ ಮೊಣಕೈ ತಿವಿಸಿಕೊಂಡು ಹೋದರೆ ವಕೀಲರ ಬಾಯಿಗೆ ಹೋಗಬೇಕಾದ ಹಲ್ಲುಗಳು ಡಬ್ಬಿಯೊಳಗೇ ಗುಂಪು ಸೇರಿ ಜಗಳವಾಡಿಕೊಂಡಿರುತ್ತವೆ. ಅದಕ್ಕೇ ಕಾರು ಬೇಕಿತ್ತು.

ಸಂಜೆಯಾಯಿತು, ಮುಗಿಯಲಿಲ್ಲ. ಕೊಳವೆ ಮಾತ್ರ ಕಾರಿನಿಂದ ಅವಳ ಮೇಜಿಗೆ ಬಂತು.

ಸೋಮವಾರ ಅವನು ಕಚೇರಿಯಿಂದ ಬಂದವನೇ ಅಂಗಿ ಕೂಡ ಬದಲಾಯಿಸದೆ ಅವಳ ಕೊರೆಯುವ ಯಂತ್ರ ಎತ್ತಿಕೊಂಡ.

"ರೀ, ಅದು ಹಲ್ಲಿನದು."

"ಹಲ್ಲಾದ್ರೇನು ಇಂಜಿನ್ನಾದ್ರೇನು, ನುಣುಪು ನುಣುಪೇ."

"ಅಷ್ಟು ಜೋರಾಗಿ ತಿರುಗಿಸಬೇಡಿ. ಅದು ನೈಲಾನು. ಉಜ್ಜಿಕೊಳ್ಳಲ್ಲ, ಕರಗುತ್ತೆ."

ಅವನು ಜೋರಾಗಿಯೇ ತಿರುಗಿಸಿದ. ನೈಲಾನು ಕರಗಿತು. ಯಂತ್ರದ ತುದಿಗೆ ಕರಿಯ ಎಳೆಗಳು ಕೂದಲಿನ ಹಾಗೆ ಸುತ್ತಿಕೊಂಡವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮನೆಯೆಲ್ಲ ತುಂಬಿ, ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ನಡೆದರು. ಹಲ್ಲಕ್ಕ ವಕೀಲರ ಹಲ್ಲುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ಅಡುಗೆಮನೆಯ ಗೂಡಿನಲ್ಲಿ ದೊಡ್ಡ ಪಾತ್ರೆಗಳ ಹಿಂದೆ ಬಚ್ಚಿಟ್ಟಳು. ಯುದ್ಧಕಾಲದಲ್ಲಿ ಜನ ಒಡವೆ ಬಚ್ಚಿಡುತ್ತಿದ್ದರಂತೆ, ಹಾಗೆ.

ಅವನ ಮುಂದೋಳು ಕೆಂಪಾಗಿ ತುರಿಕೆ ಶುರುವಾಯಿತು. ಆ ಪ್ಲಾಸ್ಟಿಕ್ಕಿನಲ್ಲಿ ಗಾಜಿನ ನೂಲು ಸೇರಿಸಿರುತ್ತಾರೆಂದು ಅವಳಿಗೆ ಗೊತ್ತಿತ್ತು, ಹೇಳಿದಳು ಕೂಡ. "ಇದು ಬೆವರುಸಾಲೆ" ಎಂದು ಅವನು ರಾತ್ರಿಯ ಊಟದ ನಡುವೆಯೂ ಕೆರೆದುಕೊಂಡ. ಅವಳು ಎಣ್ಣೆ ಸವರಿದಳು, ಒಂದು ಮುಖಗವಸು ಕೈಗಿತ್ತಳು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿಗೆ ಅರ್ಥ ಹುಡುಕಲು ಅವಳು ಹಿತ್ತಲ ತನಕ ಹೋಗಬೇಕಾಗಿರಲಿಲ್ಲ. ಹದಿನಾರು ವರ್ಷ ಪ್ಲಾಸ್ಟಿಕ್ಕು ಉಜ್ಜಿಯೇ ಮನೆಗೆ ಅರ್ಧ ಅನ್ನ ತಂದವಳು ಪಕ್ಕದಲ್ಲೇ ನಿಂತಿದ್ದಾಗ, ಅವನು ಫೋನಿನ ಪರದೆಯ ಅಪರಿಚಿತನ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದ.

ಅವನ ಬೆರಳು, ಯಂತ್ರದ ಕತ್ತು ಎರಡೂ ಸೇರಿ ಕೊಳವೆಯೊಳಗೆ ಒಂದು ಗೇಣು ಹೋಗುತ್ತಿದ್ದವು. ಈ ತುದಿಯಿಂದ ಒಂದು ಗೇಣು, ಆ ತುದಿಯಿಂದ ಒಂದು ಗೇಣು. ನಡುವೆ ಒಂದು ಗೇಣು ಹುಟ್ಟಿದ ಹಾಗೇ ಉಳಿಯಿತು.

"ಮಧ್ಯದ್ದೇನು ಮಾಡ್ತೀಯೋ?" ಎಂದರು ಅತ್ತೆ, ಒಳಗೆ ಇಣುಕಿ.

"ಗಾಳಿಗೆ ಒಳಗೆ ಬರೋ ಜಾಗ, ಹೊರಗೆ ಹೋಗೋ ಜಾಗ ಮುಖ್ಯ ಅಮ್ಮಾ. ಮಧ್ಯೆ ಅದೇ ನೋಡಿಕೊಳ್ಳುತ್ತೆ."

"ನಿಮ್ಮಪ್ಪನೂ ಮನೆ ಗುಡಿಸಿದ್ರೆ ಹೀಗೇ. ಬಾಗಿಲು ಹತ್ತಿರ ಎರಡು ಸಲ."

ಮಂಗಳವಾರ ಕೇಡು ಇನ್ನೊಂದು ಮೆಟ್ಟಿಲು ಏರಿತು. ಕೊಳವೆಯ ಬಾಯಿಗಳ ಅಂಚಿನಲ್ಲಿ ಅವನ ಕೈಯಿಂದಲೇ ಆದ ಗುಂಡಿಗಳಿದ್ದವಲ್ಲ, ಅವುಗಳನ್ನು ತುಂಬಲು ಅವನಿಗೆ ಏನಾದರೂ ಬೇಕಿತ್ತು. ಅವಳು ತರಕಾರಿಗೆಂದು ಹೋಗಿ ಬರುವಷ್ಟರಲ್ಲಿ ಒಸಡಿನ ಪುಡಿಯ ಡಬ್ಬಿ ತೆರೆದು, ಅದರ ದ್ರವ ಬೆರೆಸಿ, ಹಿಟ್ಟು ಕಲಸಿದ ಹಾಗೆ ಕಲಸಿ, ನಾಲ್ಕು ಬಾಯಿಗಳ ಒಳಗೂ ಬಳಿದಿದ್ದ. ಗಟ್ಟಿಯಾದ ಮೇಲೆ ಅವಳ ಮೋಟಾರಿಗೆ ಅವಳ ಬಟ್ಟೆಯ ಚಕ್ರ ಸಿಕ್ಕಿಸಿ, ಅವಳ ಉಜ್ಜುವ ಪುಡಿ ಹಚ್ಚಿ, ಹೊಳಪು ಬರಿಸಿದ್ದ. ಅವಳು ಬಂದಾಗ ಕೊಳವೆ ಮೇಜಿನ ಮೇಲೆ ಮಲಗಿತ್ತು. ನಾಲ್ಕು ಕರಿಯ ತುಟಿಗಳ ಒಳಗೆ ನಾಲ್ಕು ಗುಲಾಬಿ ಒಸಡುಗಳು ಮಿರಮಿರ ಮಿಂಚುತ್ತಿದ್ದವು.

ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. "ಅಯ್ಯೋ, ನಾಲ್ಕು ಬಾಯಿ. ಒಂದಕ್ಕೂ ಹಲ್ಲಿಲ್ಲ!"

"ನಗ್ರಿ, ನಗ್ರಿ," ಎಂದ ಇನ್‌ಸ್ಪೆಕ್ಟರು. "ಬೆರಳಿಟ್ಟು ನೋಡೇ. ಗಾಜಿನ ಹಾಗಿದೆ."

ಅವಳು ಬೆರಳಿಟ್ಟಳು. ಹೊಳಪು ಬಂದಿತ್ತು, ನಿಜ. ಅವಳ ಬಟ್ಟೆಯ ಚಕ್ರ ಮಾತ್ರ ಕರಿಯ ನೂಲು ಮೆತ್ತಿಕೊಂಡು, ಇನ್ನೆಂದೂ ಯಾರ ಬಾಯಿಗೂ ಹೋಗದ ಹಾಗಾಗಿತ್ತು.

"ರೀ, ಕೇಳಿ ಇಲ್ಲಿ," ಎಂದಳು ಮೆಲ್ಲಗೆ. "ಬಾಗೋ ಹಲ್ಲಿನ ಸೆಟ್ಟು ಅಂತ ಬರುತ್ತೆ, ನೈಲಾನಿಂದು. ಅದು ಮುರಿದು ಬಂದ್ರೆ ನಾನು ವಾಪಸ್ ಕಳಿಸ್ತೀನಿ. ಯಾಕೆ ಗೊತ್ತಾ? ಈ ಗುಲಾಬಿ ಹಿಟ್ಟು ನೈಲಾನಿಗೆ ಅಂಟಲ್ಲ. ಅಂಟಿದ ಹಾಗೆ ಕೂತಿರುತ್ತೆ, ಬಿಸಿ ತಾಗಿದ ದಿನ ಹೊಪ್ಪಳಿಕೆ ಎದ್ದು ಬರುತ್ತೆ. ಇದು ಕಿತ್ತು ಇಂಜಿನ್ನಿನ ಒಳಗೆ ಹೋದ್ರೆ?"

"ನೋಡು, ನೀನು ಹಲ್ಲಿನ ವಿಷಯ ಹೇಳು, ತಲೆಬಾಗಿ ಕೇಳ್ತೀನಿ. ಇದು ಯಂತ್ರದ ವಿಷಯ."

"ಗಟ್ಟಿ ಇದೆಯಾ ಅಂತ ಎಳೆದಾದ್ರೂ ನೋಡಿದ್ರಾ? ದಪ್ಪ ಎಷ್ಟಿದೆ ಅಂತ ಅಳೆದ್ರಾ?"

"ಕಣ್ಣಳತೆ ಸಾಕು ಕಣೇ."

ಅದೇ ಸಂಜೆ ಅವನು ಇನ್ನೊಂದು ತೀರ್ಪು ಕೊಟ್ಟ. ತಲೆಯ ಕೆಲಸ ಮುಗಿದಿದೆ, ಇನ್ನುಳಿದದ್ದು ಬೋಲ್ಟು ಬಿಗಿಯುವ ಕೆಲಸ, ಅದನ್ನು ಯಾರು ಬೇಕಾದರೂ ಮಾಡಬಹುದು, ಬುಧವಾರ ತಾನು ಕಚೇರಿಯಲ್ಲಿರುವಾಗ ಮೆಕ್ಯಾನಿಕ್ಕನ್ನು ಕರೆಸು ಎಂದ. ನೆಲದ ಮೇಲಿನ ಬೋಲ್ಟುಗಳು ಯಾವ ತೂತಿನವು ಎಂಬುದು ಮರೆತುಹೋಗಿತ್ತು ಎನ್ನುವುದನ್ನು ಹೇಳಲಿಲ್ಲ. ಅದನ್ನು ಅವನ ತಾಯಿ ಹೇಳಿದರು.

ಬುಧವಾರ ಬೆಳಿಗ್ಗೆ ಮೆಕ್ಯಾನಿಕ್ಕು ಬಂದ. ಬೀದಿಯ ಮೂಲೆಯಲ್ಲಿ ಗ್ಯಾರೇಜು ಇಟ್ಟುಕೊಂಡ, ಮಾತು ಕಡಿಮೆ, ಹುಬ್ಬು ಜಾಸ್ತಿ ಆಡಿಸುವ ಮನುಷ್ಯ. ಇಂಜಿನ್ನಿನ ನಾಲ್ಕು ತೂತುಗಳ ಮೇಲೆ ಕಸ ಬೀಳದ ಹಾಗೆ ಗುಲಾಬಿ ಮೇಣದ ಹಾಳೆ ಒತ್ತಿದ್ದು ಕಂಡು ಒಂದು ಹುಬ್ಬು ಏರಿಸಿದ. "ಇದೊಂದು ಬುದ್ಧಿವಂತ ಕೆಲಸ. ಸಾಹೇಬ್ರೇನಾ ಮಾಡಿದ್ದು?"

"ಅಲ್ಲ, ನಾನು," ಎಂದಳು ಹಲ್ಲಕ್ಕ. "ಭಾನುವಾರನೇ. ತೆರೆದ ಬಾಯಿ ಹಾಗೇ ಬಿಡೋಕೆ ನನಗಾಗಲ್ಲ."

ಅವನು ಕೊಳವೆ ಕೈಗೆತ್ತಿಕೊಂಡು ಬಾಯಿಗಳ ಒಳಗೆ ನೋಡಿದ. ಎರಡನೇ ಹುಬ್ಬೂ ಏರಿತು. ಆಮೇಲೆ ಹೆಬ್ಬೆರಳ ಉಗುರನ್ನು ಗುಲಾಬಿಯ ಅಂಚಿಗೆ ಸಿಕ್ಕಿಸಿ ಸುಮ್ಮನೆ ಒತ್ತಿದ. ಟಕ್ಕೆಂದು ಬಳೆಚೂರಿನಂಥ ಒಂದು ತುಂಡು ಎದ್ದು ಅವನ ಅಂಗೈಗೆ ಬಿತ್ತು.

"ಅಕ್ಕಾ, ಒಸಡು ಕಿತ್ಕೊಂಡು ಬಂತಲ್ಲ."

"ನಾನು ಹೇಳಿದ್ದೆ."

"ಇದನ್ನ ಹಾಕಿ ಕಾರು ಓಡಿಸಿದ್ರೆ, ಹೊಳೆ ಸೇತುವೆ ದಾಟೋಕೆ ಮುಂಚೆ ಈ ತುಂಡು ಇಂಜಿನ್ನಿನ ಹೊಟ್ಟೇಲಿರುತ್ತೆ. ಆಮೇಲೆ ನೀವು ಕಾರು ತಳ್ಳಬೇಕು, ನಾನು ಇಂಜಿನ್ನು ಬಿಚ್ಚಬೇಕು. ನನಗೇನು, ಒಳ್ಳೇದೇ." ತುಂಡನ್ನು ಅವಳ ಕೈಗಿಟ್ಟ. "ನಾಳೆ ಬೆಳಿಗ್ಗೆ ಬೇಕೇ ಬೇಕಾ?"

"ಬೇಕೇ ಬೇಕು."

ಅವನು ತಲೆ ಕೆರೆದುಕೊಂಡ. ಗ್ಯಾರೇಜಿನ ಹಿಂದೆ ಇದೇ ಮಾದರಿಯ ಕಾರೊಂದು ಹಿಂಭಾಗ ನಜ್ಜಾಗಿ ಬಿದ್ದಿತ್ತು. ಅದರ ಮುಂಭಾಗಕ್ಕೆ ಏನೂ ಆಗಿರಲಿಲ್ಲ. "ಅದರದ್ದು ತಂದು ಹಾಕ್ತೀನಿ. ಯಾರೂ ಮುಟ್ಟಿಲ್ಲ, ಉಜ್ಜಿಲ್ಲ, ಕಂಪನಿಯವರು ಮಾಡಿದ ಹಾಗೇ ಒರಟಾಗಿದೆ. ಬದಲಿಗೆ ನೀವು ನಮ್ಮತ್ತೆ ಹಲ್ಲಿನ ಸೆಟ್ಟು ಸರಿ ಮಾಡಿಕೊಡಿ. ಸಡಿಲವಾಗಿದೆ, ಮಾತಾಡೋಕೆ ಆಗ್ತಿಲ್ಲ ಅಂತಾರೆ."

"ಆಗಲಿ, ನಾಳೆಯೇ ತಗೊಂಡು ಬಾ."

"ಅವಸರ ಏನಿಲ್ಲ ಅಕ್ಕಾ," ಎಂದ ಅವನು, ಮುಖ ಕದಲಿಸದೆ. "ನಿಧಾನಕ್ಕೆ ಮಾಡಿ."

ಮಧ್ಯಾಹ್ನದ ಹೊತ್ತಿಗೆ ಕಾರು ಸಿದ್ಧವಾಯಿತು. ಸಂಜೆ ಗಂಡ ಬಂದಾಗ ಮೊದಲು ವಿಷಯ ತಿಳಿಸಬೇಕೆಂದೇ ಅವಳು ಬಾಗಿಲಲ್ಲಿ ನಿಂತಿದ್ದಳು. ಅವನು ಬ್ಯಾಗು ಕೂಡ ಇಳಿಸದೆ ಕಾರಿಗೆ ಹತ್ತಿ ಕೀಲಿ ತಿರುಗಿಸಿದ. ಇಂಜಿನ್ನು ಎಂದಿನ ಹಾಗೆ ಗುರ್ರೆಂದಿತು.

"ಕೇಳಿದ್ಯಾ? ಕೇಳಿದ್ಯಾ ಸದ್ದು? ಇದುವರೆಗೆ ಬೆಕ್ಕಿತ್ತು, ಈಗ ಹುಲಿ!"

"ರೀ, ಆ ಕೊಳವೆ..."

"ಶ್! ಕೇಳು ಮೊದಲು. ಗಾಳಿ ಹೇಗೆ ಜಾರಿಕೊಂಡು ಹೋಗ್ತಿದೆ ನೋಡು."

ಊಟಕ್ಕೆ ಕೂತಾಗ ಎರಡನೆಯ ಸಲ ಬಾಯಿ ತೆರೆದಳು. ಅವನು ಕಚೇರಿಯ ಮೂವರಿಗೆ ಫೋನು ಮಾಡಿ, ಅವರ ಕೊಳವೆಗಳನ್ನೂ ನುಣುಪು ಮಾಡಿಕೊಡುವುದಾಗಿ ಮಾತು ಕೊಡುತ್ತಿದ್ದ. ಮೂರನೆಯ ಸಲ ಬಾಯಿ ತೆರೆದವಳು ಅಲ್ಲೇ ಮುಚ್ಚಿದಳು. ಈಗ ಹೇಳಿದರೆ ಕೋಪ, ಕೋಪ ಬಂದರೆ ಮತ್ತೆ ಬಾನೆಟ್ಟು. ಗುರುವಾರ ಕಳೆಯಲಿ ಎಂದುಕೊಂಡಳು. ಗೂಡಿನಿಂದ ಡಬ್ಬಿ ತೆಗೆದು ಹಲ್ಲುಗಳ ಸಾಲನ್ನು ಇನ್ನೊಮ್ಮೆ ದೀಪಕ್ಕೆ ಹಿಡಿದು ನೋಡಿ, ತಣ್ಣೀರಿನ ಬಟ್ಟೆ ಸುತ್ತಿಟ್ಟಳು.

ಗುರುವಾರ ಅವನು ರಜೆ ಹಾಕಿ ತಾನೇ ಓಡಿಸುತ್ತೇನೆಂದು ಕೂತ. ಅವಳಿಗೂ ಓಡಿಸಲು ಬರುತ್ತಿತ್ತು, ಅವನಿಗಿಂತ ಚೆನ್ನಾಗಿಯೇ. ಆದರೆ "ಈಗ ಇದರ ಎಳೆತ ನಿನ್ನ ಕೈಗೆ ತಡೆಯಲ್ಲ" ಎಂದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಅವಳು ದಾರಿಯುದ್ದಕ್ಕೂ ತನ್ನ ಸೊಂಟದಲ್ಲೇ ಗುಂಡಿಗಳನ್ನೆಲ್ಲ ತಡೆದುಕೊಂಡಳು.

"ನೋಡಿದ್ಯಾ, ನಾಲ್ಕನೇ ಗೇರಲ್ಲಿ ಏರು ಹತ್ತಿತು!"

"ಮೊದಲೂ ಹತ್ತುತ್ತಿತ್ತು ರೀ."

"ಇಷ್ಟು ಸಲೀಸಾಗಿ ಹತ್ತುತ್ತಿತ್ತಾ?"

"ನಿಧಾನ. ಹಲ್ಲಿದೆ."

ಆಸ್ಪತ್ರೆಯ ಮೊಗಸಾಲೆಯಲ್ಲಿ ವಕೀಲರು ಬಾಯಿಗೆ ಕರವಸ್ತ್ರ ಹಿಡಿದು ಕೂತಿದ್ದರು. ಎದುರಿಗೊಬ್ಬ ಬಾಯಿ ಬಿಡದ ಮನುಷ್ಯ ಸಿಕ್ಕಿದ್ದು ಇನ್‌ಸ್ಪೆಕ್ಟರಿಗೆ ನಿಧಿ ಸಿಕ್ಕಿದ ಹಾಗಾಯಿತು. ಡಾಕ್ಟರಮ್ಮ ಕರೆಯುವ ತನಕ ಇಪ್ಪತ್ತು ನಿಮಿಷ, ಕೊಳವೆಯ ಕಥೆಯನ್ನು ಬೋಲ್ಟಿನಿಂದ ಹಿಡಿದು ಹುಲಿಯ ತನಕ ಒಪ್ಪಿಸಿದ. ನಡುವಿನ ಗೇಣಿನ ಸಿದ್ಧಾಂತವನ್ನೂ ಬಿಡಲಿಲ್ಲ. ವಕೀಲರು ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. ಎರಡು ಸಲ ಏನೋ ಹೇಳಲು ಹೋಗಿ "ಥಾಕ್ಷಿ..." ಎಂದು, ನಾಚಿ, ಮತ್ತೆ ಕರವಸ್ತ್ರ ಒತ್ತಿಕೊಂಡರು.

ಒಳಗೆ, ಡಾಕ್ಟರಮ್ಮ ಮೇಣದ ಹಲ್ಲುಗಳನ್ನು ವಕೀಲರ ಬಾಯಲ್ಲಿಟ್ಟು, ತುಟಿ ಎತ್ತಿ, ಬೆಳಕು ಬಿಟ್ಟು ನೋಡಿದರು. ಉಳಿದಿಬ್ಬರ ಹಲ್ಲುಗಳನ್ನು ನಿನ್ನೆಯೇ ನೋಡಿಯಾಗಿದೆ, ಒಂದು ಸಾಲಂತೂ ಬಹಳ ಚೆನ್ನಾಗಿತ್ತು ಎಂದು ಡಾಕ್ಟರಮ್ಮ ಆಗಲೇ ಹೇಳಿದ್ದರು.

"ಮುಂದಿನೆರಡು ಹಲ್ಲು ಒಂದು ಕೂದಲೆಳೆ ಉದ್ದ," ಎಂದರು ಡಾಕ್ಟರಮ್ಮ.

ಅವಳು ಚಾಕು ಬಿಸಿ ಮಾಡಿಕೊಂಡು ಎರಡು ಹಲ್ಲನ್ನೂ ಸ್ವಲ್ಪ ಮೇಲಕ್ಕೆ ಒತ್ತಿದಳು. ಉಗುರು ಕತ್ತರಿಸುವಷ್ಟು ಹೊತ್ತು. ಮತ್ತೆ ಬಾಯಲ್ಲಿಟ್ಟರು.

"ಈಗ ಮಾತಾಡಿ ಸಾರ್. ಹಲ್ಲು ಸರಿಯಿದೆಯೋ ಇಲ್ಲವೋ ಮಾತಲ್ಲೇ ಗೊತ್ತಾಗೋದು. ಪಾಠ ಒಪ್ಪಿಸಿದ ಹಾಗೆ ಬೇಡ, ಯಾರ ಜೊತೆಗಾದ್ರೂ ಸಹಜವಾಗಿ. ಆದ್ರೆ ಕಚ್ಚಬೇಡಿ, ಇನ್ನೂ ಮೇಣ."

ವಕೀಲರು ನಾಲಿಗೆಯಿಂದ ಹಲ್ಲುಗಳನ್ನು ಒಂದು ಸುತ್ತು ಸವರಿ ನೋಡಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿದರು. ಅಲ್ಲಿ ಇನ್‌ಸ್ಪೆಕ್ಟರು ಕತ್ತು ಚಾಚಿ ನಿಂತಿದ್ದ.

"ಸ್ವಾಮಿ," ಎಂದರು ವಕೀಲರು. ಸಕಾರ ಸರಳ ರೇಖೆಯ ಹಾಗೆ ಬಂತು. ಅವರಿಗೇ ಆಶ್ಚರ್ಯವಾಗಿ ಇನ್ನೊಮ್ಮೆ ಅಂದರು. "ಸ್ವಾಮಿ. ಹದಿನೈದು ಕುದುರೆ ಶಕ್ತಿ ಹೆಚ್ಚಾಯಿತು ಅಂದಿರಿ. ಮೊದಲು ಎಷ್ಟಿತ್ತು?"

"ಮೊದಲು... ಪುಸ್ತಕದಲ್ಲಿ ಬರೆದಿರ್ತಾರೆ."

"ನೀವು ಅಳೆದಿರಾ?"

"ಇಲ್ಲ."

"ಈಗ ಎಷ್ಟಿದೆ, ಅಳೆದಿರಾ?"

"ಅಳೆಯೋದೇನು, ಅನುಭವಕ್ಕೆ ಬರುತ್ತಲ್ಲ!"

"ಸರಿ. ತಾವು ಯಾವ ಇಲಾಖೆಯಲ್ಲಿ ಸೇವೆ ಸಲ್ಲಿಸುತ್ತಿರೋದು?"

ಇನ್‌ಸ್ಪೆಕ್ಟರು ಚಾಚಿದ್ದ ಕತ್ತನ್ನು ಹಿಂದಕ್ಕೆಳೆದುಕೊಂಡ. "ಅಳತೆ-ತೂಕ."

"ಸಂತೋಷ. ಒಬ್ಬ ಅಂಗಡಿಯವನು ನಿಮ್ಮೆದುರು ಬಂದು, ಸಾಹೇಬರೇ, ತೂಕದ ಬಟ್ಟು ಇಲ್ಲ, ಆದರೆ ಒಂದು ಸೇರು ಅಂತ ಅನುಭವಕ್ಕೆ ಬರುತ್ತೆ ಅಂದರೆ ಏನು ಶಿಕ್ಷೆ ಕೊಡ್ತೀರಿ?"

ಡಾಕ್ಟರಮ್ಮ ಕೈಯಲ್ಲಿದ್ದ ಕನ್ನಡಿಯಿಂದ ಮುಖ ಮುಚ್ಚಿಕೊಂಡರು. ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರೊಬ್ಬರು ಹಾಗೆಯೇ ತಲೆ ಎತ್ತಿ ಕೇಳತೊಡಗಿದರು. ಕಚ್ಚಬಾರದೆಂಬ ಮಾತನ್ನು ವಕೀಲರು ಬಾಯೊಳಗೆ ಮಾತ್ರ ಪಾಲಿಸಿದರು. ಮೂರು ತಿಂಗಳು ಒಳಗೇ ಹುಳಿ ಬಂದಿದ್ದ ಪ್ರಶ್ನೆಗಳು ಒಂದರ ಹಿಂದೊಂದು ಹೊರಟವು. ನಡುವಿನ ಗೇಣನ್ನು ಉಜ್ಜದೆ ಬಿಟ್ಟದ್ದು ಒಪ್ಪಿಗೆಯೇ? ಗುಲಾಬಿ ಪದಾರ್ಥದ ದಪ್ಪ ಎಷ್ಟು? ಅಂಟಿದೆ ಎಂಬುದಕ್ಕೆ ಸಾಕ್ಷ್ಯವೇನು? ಶ, ಷ, ಸ ಮೂರೂ ನೆಟ್ಟಗೆ ನಿಂತವು.

"ಕೊನೆಯದಾಗಿ," ಎಂದು ವಕೀಲರು ಹಲ್ಲಕ್ಕನ ಕಡೆ ತಿರುಗಿ, ದನಿ ಮೆತ್ತಗೆ ಮಾಡಿದರು. "ಅಮ್ಮಾ, ನೀವೂ ಅದೇ ಕಾರಲ್ಲಿ ಬಂದಿರಿ. ವ್ಯತ್ಯಾಸ ಏನಾದರೂ ಕಂಡಿತೆ?"

ಎಲ್ಲರೂ ಅವಳನ್ನು ನೋಡಿದರು. ಗಂಡ ಅವಳನ್ನು ನೋಡಿದ ನೋಟ, ತಪ್ಪು ಲೆಕ್ಕ ಬರೆದ ಹುಡುಗ ಟೀಚರನ್ನು ನೋಡುವ ಹಾಗಿತ್ತು. ಅವಳ ಕೈಚೀಲದೊಳಗೆ ಆ ಗುಲಾಬಿ ತುಂಡಿತ್ತು. ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು. ಅವಳು ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡಳು.

"ಕಾರು ಮೊದಲು ಹೇಗಿತ್ತೋ ಹಾಗೇ ಓಡಿತು ಸಾರ್," ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಅವಳಿಗೆ ಯಂತ್ರದ ವಿಷಯ ಗೊತ್ತಾಗಲ್ಲ ಸಾರ್," ಎಂದ ಇನ್‌ಸ್ಪೆಕ್ಟರು. ದನಿ ಅರ್ಧಕ್ಕೆ ಇಳಿದಿತ್ತು.

ಡಾಕ್ಟರಮ್ಮ ವಕೀಲರ ಬಾಯಿಂದ ಹಲ್ಲುಗಳನ್ನು ತೆಗೆದು, ಒಂದೂ ಕದಲಿಲ್ಲವೆಂದು ತಿರುಗಿಸಿ ನೋಡಿ, ಡಬ್ಬಿಗೆ ಇಟ್ಟರು. "ಇಷ್ಟು ಹೊತ್ತು ಜಗಳವಾಡಿದ ಮೇಲೂ ಸಾಲು ಸಾಲಾಗೇ ಇದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಿಲ್ಲ. ಸೋಮವಾರದಿಂದ ನಮ್ಮ ಅಚ್ಚುಗಳೆಲ್ಲ ನಿಮಗೇ ಬರುತ್ತವೆ. ವಾರಕ್ಕೆ ಹತ್ತು ಸೆಟ್ಟಾದರೂ ಇರುತ್ತೆ. ಆಗುತ್ತಾ?"

"ಆಗುತ್ತೆ," ಎಂದಳು ಹಲ್ಲಕ್ಕ. ತನಗಿರುವುದು ಎರಡೇ ಕೈ ಎಂಬುದು ಅವಳಿಗೆ ನೆನಪಾದದ್ದು ಮೆಟ್ಟಿಲು ಇಳಿಯುವಾಗ.

ಮನೆಗೆ ಬರುವಾಗ ಏರಿನಲ್ಲಿ ಅವನು ತಾನಾಗಿ ಮೂರನೇ ಗೇರಿಗೆ ಬಂದ. ಅವಳು ನೋಡಿಯೂ ನೋಡದ ಹಾಗೆ ಕಿಟಕಿಯಾಚೆ ಮುಖ ಮಾಡಿದಳು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ಕು ತನ್ನ ಅತ್ತೆಯ ಹಲ್ಲಿನ ಸೆಟ್ಟಿನ ಜೊತೆ ಹಳೆಯ ಕೊಳವೆಯನ್ನೂ ತಂದುಕೊಟ್ಟು ಹೋದ. ಗ್ಯಾರೇಜಿಗೆ ಬಂದವರೆಲ್ಲ ಅದರ ಬಾಯೊಳಗೆ ಇಣುಕುತ್ತಾರೆ, ಕೆಲಸ ನಿಲ್ಲುತ್ತಿದೆ ಎಂದ. ಹಲ್ಲಕ್ಕ ಅದನ್ನು ತೊಳೆದು, ಮೇಜಿನ ಮೇಲೆ ಬಾಯಿ ಮೇಲೆ ಮಾಡಿ ನಿಲ್ಲಿಸಿದಳು. ಒಂದರಲ್ಲಿ ಕುಂಚಗಳು, ಒಂದರಲ್ಲಿ ಅರಗಳು, ಒಂದರಲ್ಲಿ ಮೇಣದ ಚಾಕುಗಳು. ಹೇಳಿ ಮಾಡಿಸಿದ ಹಾಗಿತ್ತು.

ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಕೋಣೆಗೆ ಬಂದ. ಕಚೇರಿಯ ಮೂವರು ಇವತ್ತು ತಮ್ಮ ಕೊಳವೆ ತರುವವರಿದ್ದರು, ಮೋಟಾರು ಬೇಕಿತ್ತು. ಮೇಜಿನ ಮೇಲೆ ಕಣ್ಣು ಬಿದ್ದು ಅಲ್ಲೇ ನಿಂತ. ಗುಲಾಬಿ ಒಸಡುಗಳು, ಒಂದರ ಅಂಚು ಕಿತ್ತು ಹೋದದ್ದು. ಅದರ ಪಕ್ಕದಲ್ಲೇ ಕಿತ್ತ ತುಂಡು.

"ಇದು... ಇದು ಕಾರಲ್ಲಲ್ವಾ ಇರಬೇಕಾದ್ದು?"

ಅತ್ತೆ ಹೊಸ್ತಿಲ ಹೊರಗಿಂದಲೇ ಇಣುಕಿದರು. "ಪರವಾಗಿಲ್ಲ ಕಣೋ. ಮೂರು ಬಾಯಿಗಾದ್ರೂ ಹಲ್ಲು ಬಂತು."

ಅವನು ತುಂಡನ್ನು ಎತ್ತಿ ಜಾಗದಲ್ಲಿಟ್ಟು ನೋಡಿದ. ಸರಿಯಾಗಿ ಕೂತಿತು. ಕೈ ಬಿಟ್ಟ. ಬಿತ್ತು. ಅವಳು ಮೆಕ್ಯಾನಿಕ್ಕಿನ ಉಗುರಿನಿಂದ ಹಿಡಿದು ನಜ್ಜಾದ ಕಾರಿನ ತನಕ ಎಲ್ಲವನ್ನೂ ಹೇಳಿದಳು, ಏನೂ ಮುಚ್ಚದೆ, ಏನೂ ಸೇರಿಸದೆ.

"ಹಾಗಾದ್ರೆ ಆವತ್ತಿನ ಎಳೆತ?"

"ಅದು ಕಂಪನಿಯವರದ್ದು."

"ಹುಲಿ?"

"ಅದು ನಿಮ್ಮದು."

ಕೋಪ ಬರುತ್ತದೆಂದು ಅವಳು ಕಾದಳು. ಅವನು ಖಾಲಿಯಿದ್ದ ನಾಲ್ಕನೆಯ ಬಾಯೊಳಗೆ ಬೆರಳಿಟ್ಟು ಒಂದು ಸುತ್ತು ತಿರುಗಿಸಿದ.

"ಆದ್ರೂ ನುಣುಪು ನೋಡು," ಎಂದ, ಹೆಚ್ಚುಕಡಿಮೆ ತನಗೇ.

ಅವಳೂ ಬೆರಳಿಟ್ಟಳು. ಈ ಸಲ ಹೆಂಡತಿಯ ಬೆರಳಾಗಿರಲಿಲ್ಲ, ಹದಿನಾರು ವರ್ಷದ ಕಸುಬಿನ ಬೆರಳಾಗಿತ್ತು. ಎಲ್ಲೂ ಗೆರೆಯಿಲ್ಲ, ಎಲ್ಲೂ ಅಲೆಯಿಲ್ಲ. ಅಂಟುವುದು, ಅಳೆಯುವುದು, ಯೋಚಿಸುವುದು ಇವನ್ನೆಲ್ಲ ಬಿಟ್ಟರೆ ಉಜ್ಜುವುದು ಮಾತ್ರ ಅವನಿಗೆ ಬರುತ್ತಿತ್ತು.

"ನುಣುಪೇನೋ ಚೆನ್ನಾಗಿದೆ," ಎಂದಳು. ಆಮೇಲೆ ಗೋಡೆ ಬದಿಯ ರಟ್ಟಿನ ಪೆಟ್ಟಿಗೆ ತೋರಿಸಿದಳು. ಡಾಕ್ಟರಮ್ಮ ಸೋಮವಾರದ ತನಕ ತಾಳದೆ ಶನಿವಾರವೇ ಕಳಿಸಿದ್ದ ಅಚ್ಚುಗಳು. "ವಾರಕ್ಕೆ ಹತ್ತು ಸೆಟ್ಟು. ಮಾಡೋದು ನಾನು ಮಾಡ್ತೀನಿ. ಉಜ್ಜೋಕೆ ಒಂದು ಕೈ ಬೇಕು. ಇವತ್ತು ಕೈ ಪಳಗೋಕೆ ಮೆಕ್ಯಾನಿಕ್ಕಿನ ಅತ್ತೇದು. ನಾಳೆಯಿಂದ ಕಚೇರಿ ಬಿಟ್ಟ ಮೇಲೆ ಎರಡು ಗಂಟೆ."

"ನಾನಾ? ನಿನ್ನ ಹತ್ರ ಕೆಲಸಕ್ಕಾ? ನಾನು ಇನ್‌ಸ್ಪೆಕ್ಟರು ಕಣೇ!"

"ಹೊರಗೆ ಇನ್‌ಸ್ಪೆಕ್ಟರು," ಎಂದರು ಅತ್ತೆ. "ಒಳಗೆ ಖಾಲಿ ಕೂತಿದೀಯ."

ಅಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು. ಕಚೇರಿಯ ಮೂವರು, ಮೂರು ಚೀಲ. ಇನ್‌ಸ್ಪೆಕ್ಟರು ಕಿಟಕಿಯಿಂದ ನೋಡಿದ, ಕೊಳವೆ ನೋಡಿದ, ಹೆಂಡತಿಯನ್ನು ನೋಡಿದ.

"ಅಮ್ಮಾ," ಎಂದ ಸಣ್ಣ ದನಿಯಲ್ಲಿ, "ನಾನು ಕೆಲಸದಲ್ಲಿದೀನಿ ಅಂತ ಹೇಳು."

"ಸುಳ್ಳು ಹೇಳಲ್ಲಪ್ಪ ನಾನು. ಕೂತ್ಕೋ ಮೊದಲು, ಆಮೇಲೆ ಹೇಳ್ತೀನಿ."

ಅವನು ಕೂತ. ಹಲ್ಲಕ್ಕ ಮೋಟಾರಿಗೆ ಹೊಸ ಬಟ್ಟೆಯ ಚಕ್ರ ಸಿಕ್ಕಿಸಿ, ಮೆಕ್ಯಾನಿಕ್ಕಿನ ಅತ್ತೆಯ ಸೆಟ್ಟನ್ನು ಅವನ ಕೈಗಿಟ್ಟಳು. ಅವನು ಗುಂಡಿ ಒತ್ತಲು ಬೆರಳು ಚಾಚಿದ. ಅವಳು ಆ ಬೆರಳನ್ನು ಮೆಲ್ಲಗೆ ಸರಿಸಿ, ದಪ್ಪ ಅಳೆಯುವ ಸಣ್ಣ ಇಕ್ಕಳವನ್ನು ಅದರಲ್ಲಿ ಸಿಕ್ಕಿಸಿದಳು.

"ಮೊದಲು ಅಳತೆ."

"ಕಣ್ಣ..." ಎಂದವನು ಅಲ್ಲೇ ನಿಲ್ಲಿಸಿದ. ಇಕ್ಕಳದ ಎರಡು ತುದಿಗಳ ನಡುವೆ ಸೆಟ್ಟಿನ ಅಂಗುಳವನ್ನು ಹಿಡಿದು, ಮುಳ್ಳು ನಿಂತ ಜಾಗ ಓದಿದ. "ಎರಡೂವರೆ ಮಿಲಿಮೀಟರು."

"ಉಜ್ಜಿದ ಮೇಲೂ ಅಳೀಬೇಕು. ಎರಡಕ್ಕಿಂತ ಕಡಿಮೆ ಬಂದ್ರೆ ಸೀಲು ಒತ್ತಿಬಿಡ್ತೀನಿ."

"ಯಾವುದಕ್ಕೆ?"

"ಬಾನೆಟ್ಟಿಗೆ," ಎಂದಳು ಹಲ್ಲಕ್ಕ. ಒಲೆಯ ಮೇಲಿನ ನೀರು ಕುದಿಯುತ್ತಿತ್ತು, ಇಳಿಸಲು ಹೋದಳು.